ರುದ್ರಪ್ಪನ ಕಾಫಿ ಅನುಷ್ಠಾನ

ಬಾಯಲ್ಲಿ ಮಂಡಕ್ಕಿ ಇರುವಾಗ ಮನುಷ್ಯ ಮಾತಾಡಬಾರದು. ರುದ್ರಪ್ಪ ಮಾತಾಡಿದ. ಅದರಿಂದಲೇ ಹನುಮಾನ್ ಘಾಟಿನ ಗಲ್ಲಿಯಲ್ಲಿ ಅಷ್ಟೊಂದು ಹೊಗೆ ಎದ್ದಿತು, ಪೊಲೀಸಿನವನು ಬಂದ, ಗಾಜಿಪುರದ ಮುದುಕಿಯೊಬ್ಬಳು ಗಂಟುಮೂಟೆ ಕಟ್ಟಿದಳು, ಕೊನೆಗೆ ಒಬ್ಬನೇ ಮನುಷ್ಯ ಒಂದೇ ಬೆಳಿಗ್ಗೆ ಗಂಗೆಯಲ್ಲಿ ಎರಡೆರಡು ಸಲ ಸಂಕಲ್ಪ ಮಾಡಿ ಮುಳುಗಬೇಕಾಯಿತು.

ರುದ್ರಪ್ಪ ದಾವಣಗೆರೆಯವನು. ಬ್ಯಾಂಕಿನವರು ವರ್ಗ ಮಾಡಿದ್ದರಿಂದ ಕಾಶಿಗೆ ಬಂದು ಸೋನಾರ್‌ಪುರದ ಶಾಖೆಯಲ್ಲಿ ಕೂತಿದ್ದ. ಹೆಂಡತಿ ನೀಲಾಳೊಂದಿಗೆ ಹನುಮಾನ್ ಘಾಟಿನ ಗಲ್ಲಿಯಲ್ಲಿ ಬದರಿ ಎಂಬವನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ. ಕಾಶಿಗೆ ಬಂದವರೆಲ್ಲ ಮೊದಲು ವಿಶ್ವನಾಥನನ್ನು ಹುಡುಕುತ್ತಾರೆ. ರುದ್ರಪ್ಪ ಮಂಡಕ್ಕಿ ಹುಡುಕಿದ. ಇಲ್ಲಿ ಅದನ್ನು ಲಾಯಿ ಅನ್ನುತ್ತಾರೆ. ಸೋನಾರ್‌ಪುರದ ಸಂದಿಯಲ್ಲಿ ಕಾದ ಮರಳಿನಲ್ಲಿ ಲಾಯಿ ಹುರಿಯುವ ಅಂಗಡಿಯೊಂದು ಸಿಕ್ಕ ಮೇಲೆ ಅವನಿಗೆ ಊರು ಒಗ್ಗಿತು. ಅಂದಿನಿಂದ ಅವನ ಅಂಗಿ ಜೇಬಿನಲ್ಲಿ ಒಂದು ಹಿಡಿ ಲಾಯಿ ತಪ್ಪಿದ್ದಿಲ್ಲ.

ನೀಲಾಳ ತಾಯಿ ಸರಸ್ವತಮ್ಮ ಸಕಲೇಶಪುರದವರು. ಅವರಿಗೆ ಕಾಫಿ ಎಂದರೆ ತೀರ್ಥ. ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ತಮ್ಮ ಕಾಫಿಪುಡಿಯ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡೇ ಹೋಗುವವರು. ಮಗಳ ಮದುವೆಯಾದ ಲಾಗಾಯ್ತು ಅಳಿಯನ ಮನೆಗೂ ಆ ಡಬ್ಬಿ ಬರುತ್ತಿತ್ತು. ಅಳಿಯನ ಮನೆಯ ಪುಡಿಯನ್ನು ಅವರು ಮೂಸಿಯೂ ನೋಡಿದವರಲ್ಲ. "ಗಾಳಿ ತಿಂಡಿ ತಿನ್ನೋ ಊರಿನೋರಿಗೆ ಕಾಫಿ ಏನು ಗೊತ್ತಾಗಬೇಕು" ಎಂದು ಒಮ್ಮೆ ಮಂಡಕ್ಕಿಯನ್ನು ಆಡಿಕೊಂಡಿದ್ದರು. ಆ ಮಾತು ಹಲ್ಲಿನ ಸಂದಿಯ ಕಡಲೆ ಸಿಪ್ಪೆಯಂತೆ ರುದ್ರಪ್ಪನಲ್ಲಿ ಉಳಿದುಬಿಟ್ಟಿತ್ತು. ಅವನಿಗೆ ಬಡ್ತಿ ಬೇಡ, ವರ್ಗ ಬೇಡ. ಅತ್ತೆ ಒಂದೇ ಒಂದು ಸಲ ತಮ್ಮ ಡಬ್ಬಿ ಮುಚ್ಚಿಟ್ಟು ತನ್ನ ಮನೆಯ ಕಾಫಿ ಕುಡಿದು, ಎರಡನೆಯ ಲೋಟ ಕೇಳಬೇಕು. ಜೀವನದಲ್ಲಿ ಅವನಿಗಿದ್ದ ಆಸೆ ಅಷ್ಟೇ.

ಒಂದು ಸಂಜೆ ಸರಸ್ವತಮ್ಮನ ಫೋನು ಬಂತು. ಮುಂದಿನ ತಿಂಗಳು ಕಾಶಿಯಾತ್ರೆಗೆ ಬರುತ್ತೇನೆ, ಡಬ್ಬಿ ತರುತ್ತೇನೆ ಎಂದರು. ರುದ್ರಪ್ಪ ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ನೀಲಾಳ ಕೈಯಿಂದ ಫೋನ್ ಕಿತ್ತುಕೊಂಡ.

"ಅತ್ತೇರೆ, ಈ ಸಲ ಡಬ್ಬಿ ತರಬ್ಯಾಡ್ರಿ. ಇಲ್ಲಿ ಕಾಫಿ ಬೀಜ ನಾನೇ ಹುರಿಯೋದು."

ನೀಲಾ ಕೈಚಾಚಿ ಫೋನ್ ವಾಪಸ್ ಕೇಳಿದಳು.

"ಆಗಲಿ ಅಳಿಯಂದ್ರೇ, ನೋಡಾಣ" ಎಂದರು ಸರಸ್ವತಮ್ಮ. "ಆದ್ರೂ ಡಬ್ಬಿ ತರ್ತೀನಿ."

ಫೋನ್ ಇಟ್ಟಮೇಲೆ ನೀಲಾ ಗಂಡನನ್ನು ನೋಡಿದಳು. "ನೀವು ಯಾವಾಗ ಕಾಫಿ ಹುರಿದ್ರಿ?"

"ಹುರಿಯೋದಂದ್ರೆ ಹುರಿಯೋದು. ಮಂಡಕ್ಕಿ ಭಟ್ಟಿ ನೋಡ್ಕೊಂತ ಬೆಳೆದೋನು ನಾನು. ಉರಿ ಜೋರಿರಬೇಕು, ಕೈ ನಿಲ್ಲಬಾರದು. ಅದರಾಗೇನೈತೆ?"

ಕೊಡಗಿನಿಂದ ಹಸಿ ಕಾಫಿ ಬೀಜದ ಚೀಲವೊಂದನ್ನು ತರಿಸಿಕೊಂಡಾಯಿತು. ಮೊದಲ ದಿನ ರುದ್ರಪ್ಪ ಮನೆಯ ಅತಿ ದೊಡ್ಡ ಬಾಣಲೆ ಇಟ್ಟು, ಅಂಚಿನವರೆಗೂ ಬೀಜ ಸುರಿದು, ಉರಿಯನ್ನು ಪೂರ್ತಿ ತಿರುಗಿಸಿ, ಬೀಜ ಉಬ್ಬುವುದನ್ನೇ ಕಾದ. ಮಂಡಕ್ಕಿ ಉಬ್ಬುತ್ತದೆ, ಕಾಫಿ ಉಬ್ಬಲಿಲ್ಲ. ಸೌಟು ಅಷ್ಟು ರಾಶಿಯಲ್ಲಿ ತಿರುಗಲೂ ಇಲ್ಲ. ತಳದ ಬೀಜ ಇದ್ದಿಲಾಯಿತು, ನಡುವಿನದು ಅರೆಬರೆಯಾಯಿತು, ಮೇಲಿನದು ಬಂದಾಗ ಹೇಗಿತ್ತೋ ಹಾಗೆಯೇ ಹಸಿರಾಗಿ ಉಳಿಯಿತು. ಒಂದೇ ಬಾಣಲೆಯಲ್ಲಿ ಬಾಲ್ಯ, ಯೌವನ, ಮಸಣ ಮೂರೂ ಕಂಡವು. ಹೊಗೆಗೆ ನೀಲಾ ಕೆಮ್ಮುತ್ತಾ ಹೊರಗೆ ಬಂದು, ಒಲೆ, ಸಣ್ಣ ಸಿಲಿಂಡರು, ಬಾಣಲೆ, ಗಂಡ, ಎಲ್ಲವನ್ನೂ ತಾರಸಿಗೆ ಸಾಗಿಸಿದಳು.

ಕನ್ನಡದವರು ಕಾಶಿಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡರೆ ವಿಶ್ವವಿದ್ಯಾಲಯದ ಕಡೆ ನೋಡುತ್ತಾರೆ. ಅಲ್ಲಿ ಮೈಸೂರಿನ ಪ್ರೊಫೆಸರ್ ವೇದವ್ಯಾಸ ಇದ್ದರು. ಶಾಖ ಯಾವ ವಸ್ತುವಿನಿಂದ ಯಾವ ವಸ್ತುವಿಗೆ ಹೇಗೆ ಹೋಗುತ್ತದೆ ಎಂಬುದನ್ನು ಪಾಠ ಮಾಡುತ್ತಾ ಅವರ ತಲೆ ನೆರೆತಿತ್ತು. ಪ್ರಯೋಗಾಲಯದ ಉದ್ದನೆಯ ಥರ್ಮಾಮೀಟರ್ ಹಿಡಿದು ತಾರಸಿ ಹತ್ತಿದ ಅವರು ರುದ್ರಪ್ಪನ ಇದ್ದಿಲನ್ನು ಕನ್ನಡಕದೊಳಗಿಂದ ಪರೀಕ್ಷಿಸಿದರು.

"ಬೀಜ ಜಾಸ್ತಿ ಆಯ್ತು ರುದ್ರಪ್ಪನೋರೆ. ಕಡಿಮೆ ಹಾಕಿ."

"ಉರಿ ಸರ್?"

"ಉರಿ ಮುಟ್ಟಬೇಡಿ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಇದು ವಿಜ್ಞಾನದ ಮೂಲ."

ರುದ್ರಪ್ಪ ಒಂದೇ ಹಿಡಿ ಬೀಜ ಹಾಕಿದ. ಉರಿ ವಿಜ್ಞಾನದ ಆಜ್ಞೆಯಂತೆ ಪೂರ್ತಿ ಜೋರಾಗಿಯೇ ಇತ್ತು. ಅಷ್ಟು ಬೆಂಕಿಗೆ ಅಷ್ಟೇ ಬೀಜ ಸಿಕ್ಕಿದರೆ ಏನಾಗಬೇಕೋ ಅದಾಯಿತು. ಅವನು ಸೌಟು ಎತ್ತಿಕೊಳ್ಳುವಷ್ಟರಲ್ಲಿ ಬೀಜ ಹೊರಗೆ ಕರಿಮುತ್ತಾಗಿ, ಒಳಗೆ ಹಸಿಯಾಗಿ, ಎಣ್ಣೆ ಕಕ್ಕಿ ಹೊತ್ತಿಕೊಂಡಿತು. ಪ್ರೊಫೆಸರು ತೃಪ್ತಿಯಿಂದ ತಲೆಯಾಡಿಸಿದರು. "ಈಗ ಉರಿ ಕಡಿಮೆ ಮಾಡಿ. ಬೀಜ ಎಷ್ಟು ಅನ್ನೋದನ್ನ ಮಾತ್ರ ಮುಟ್ಟಬೇಡಿ."

ಸಣ್ಣ ಉರಿಯಲ್ಲಿ ಅದೇ ಒಂದು ಹಿಡಿ ಬೀಜ ಊಟದ ಹೊತ್ತಿನವರೆಗೂ ಬಾಣಲೆಯಲ್ಲಿ ಹೊರಳಾಡಿತು. ಚಟ್ ಎನ್ನಲಿಲ್ಲ, ಪಟ್ ಎನ್ನಲಿಲ್ಲ. ಮಂಕಾಗಿ ಒಣಗಿತು. ಅದರ ಕಾಫಿ ಒದ್ದೆ ಗೋಣಿಚೀಲದ ರುಚಿ ಕೊಟ್ಟಿತು. ಹೀಗೆ ಬೀಜ ಹೆಚ್ಚಿಸಿದಾಗ ಉರಿ ಸಾಲದೆ, ಉರಿ ಹೆಚ್ಚಿಸಿದಾಗ ಬೀಜ ಸಾಲದೆ, ಎರಡೂ ಒಂದು ದಿನವೂ ಸಮನಾಗದೆ ವಿಜ್ಞಾನ ನಿತ್ಯವೂ ಒಂದೊಂದು ಹೆಜ್ಜೆ ಮುಂದುವರಿಯಿತು. ತಾರಸಿಯ ಮೂಲೆಯಲ್ಲಿ ಕರಿ ಬೀಜದ ಗುಡ್ಡೆ ಬೆಳೆಯಿತು.

ಇದನ್ನೆಲ್ಲ ಮೆಟ್ಟಿಲ ಮರೆಯಿಂದ ನೋಡುತ್ತಿದ್ದವನು ಮನೆಯ ಒಡೆಯ ಬದರಿ.

ಬದರಿಯ ಬದುಕಿನಲ್ಲೂ ಒಬ್ಬ ಅತ್ತೆ ಇದ್ದಳು. ಗಾಜಿಪುರದಿಂದ ಹೋಳಿಹಬ್ಬಕ್ಕೆಂದು ಬಂದವಳು, ಅದಾದಮೇಲೆ ಎಷ್ಟೋ ಹೋಳಿಗಳನ್ನು ಇಲ್ಲೇ ಆಡಿದ್ದಳು. ಬದರಿ ತನ್ನ ಮನೆಯಲ್ಲಿ ತಾನೇ ಪಾನ್ ಉಗುಳಲು ಅವಳ ಅಪ್ಪಣೆ ಕೇಳಬೇಕಾಗಿತ್ತು. ಅವನು ಒಂದು ದಿನ ಧೈರ್ಯ ಮಾಡಿ ಮೇಲೆ ಬಂದ. ಅವನ ಬನಾರಸಿ ಮಾತನ್ನು ಇಲ್ಲಿ ಕನ್ನಡಕ್ಕೆ ಇಳಿಸಲಾಗಿದೆ. ಬಾಯಲ್ಲಿದ್ದ ಪಾನಿನ ರಸವನ್ನು ಇಳಿಸಲಾಗಲಿಲ್ಲ.

"ರುದ್ದರ್ ಬಾಬೂ, ದಿನಾ ಬೆಳಿಗ್ಗೆ ಸ್ನಾನ ಮಾಡಿ ಇಲ್ಲಿ ಕೂತು ಇದೇನು ಸುಡ್ತೀರಿ?"

ರುದ್ರಪ್ಪ ಹೊಗೆಯಿಂದ ಕೆಂಪಾದ ಕಣ್ಣೆತ್ತಿದ. ಕಾಫಿ, ಬೀಜ, ಬಾಣಲೆ ಇವನ್ನೆಲ್ಲ ಹಿಂದಿಯಲ್ಲಿ ವಿವರಿಸುವ ಶಕ್ತಿ ಉಳಿದಿರಲಿಲ್ಲ. ಒಂದೇ ಮಾತಿನಲ್ಲಿ ಮುಗಿಸಿದ. "ಸಾಸ್ ಆ ರಹೀ ಹೈ. ಉಸೀಕೇ ಲಿಯೇ." ಅತ್ತೆ ಬರುತ್ತಿದ್ದಾಳೆ, ಅವಳಿಗೋಸ್ಕರ.

ಬದರಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಎಲ್ಲವೂ ಅವನಿಗೆ ತಟ್ಟನೆ ಹೊಳೆಯಿತು. ಕರಿ ಬೀಜ. ಹೊಗೆ. ಕೆಂಗಣ್ಣು. ವಿಶ್ವವಿದ್ಯಾಲಯದಿಂದ ಪಾದರಸದ ಕೋಲು ಹಿಡಿದು ಬರುವ ಪಂಡಿತ. ದಕ್ಷಿಣದವರಲ್ಲಿ ಭಾರಿ ಭಾರಿ ತಂತ್ರಗಳಿವೆ ಎಂದು ಅವನು ಕೇಳಿದ್ದ. ಆದರೆ ಅತ್ತೆಯನ್ನು ಹದಕ್ಕೆ ತರುವ ತಂತ್ರವೂ ಇದೆಯೆಂದು ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಕನ್ನಡದ ಯಾತ್ರಿಕರಿಗೆ ಸ್ನಾನ ಸಂಕಲ್ಪ ಮಾಡಿಸುವ ಶಂಭುಲಿಂಗಯ್ಯನವರು ವಿಭೂತಿ ಧರಿಸಿ, ಸರಸ್ವತಮ್ಮ ಬರುವ ದಿನ ಯಾವುದೆಂದು ಕೇಳಲು ಮೆಟ್ಟಿಲು ಹತ್ತಿ ಬಂದರು. ಬದರಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಹೋಗುವಾಗ ಗುಡ್ಡೆಯಿಂದ ಒಂದು ಹಿಡಿ ಕರಿ ಬೀಜ ಎತ್ತಿ ಹಣೆಗೊತ್ತಿಕೊಂಡು, ಅತ್ತೆಯ ಕೋಣೆಯ ಬಾಗಿಲಿಗೆ ಬಟ್ಟೆಯಲ್ಲಿ ಕಟ್ಟಿದ.

ದೇವರ ಲೀಲೆಗೆ ಹೊತ್ತುಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ಆ ಮುದುಕಿ ಎದ್ದು, ಗಾಜಿಪುರದಲ್ಲಿ ಮೊಮ್ಮಗನ ನಿಶ್ಚಿತಾರ್ಥವಿದೆ, ಸ್ವಲ್ಪ ದಿನ ಹೋಗಿಬರುತ್ತೇನೆ ಎಂದಳು. ಬಾಗಿಲಿಗೆ ಕಟ್ಟಿದ ಗಂಟಿನ ನಾತಕ್ಕೆ ತಲೆನೋವು ಬಂದಿದೆ ಎಂದೂ ಹೇಳಿದಳು. ಆ ಭಾಗವನ್ನು ಬದರಿ ಯಾರಿಗೂ ಹೇಳಲಿಲ್ಲ.

ಅಂದಿನಿಂದ ತಾರಸಿಗೆ ಜನ ಬರತೊಡಗಿದರು. ಪಾನ್ ಅಂಗಡಿಯವನು ಬಂದ, ದೋಣಿಯವನು ಬಂದ, ಅಸ್ಸಿ ಘಾಟಿನಿಂದ ಇಬ್ಬರು ಷಡ್ಡಕರು ಒಂದೇ ಸ್ಕೂಟರಿನಲ್ಲಿ ಬಂದರು, ಏಕೆಂದರೆ ಅವರ ಅತ್ತೆ ಒಬ್ಬಳೇ. ರುದ್ರಪ್ಪನಿಗೆ ಇವರೆಲ್ಲ ಕಾಫಿಪ್ರಿಯರೆಂದೇ ಅನ್ನಿಸಿತು. ಉತ್ತರ ಭಾರತದಲ್ಲಿ ಕಾಫಿಗೆ ಇಷ್ಟು ಗೌರವವಿದೆಯೇ ಎಂದು ಹಿಗ್ಗಿ, ಕೇಳಿದವರಿಗೆಲ್ಲ ಧಾರಾಳವಾಗಿ ಕೊಟ್ಟ. ಸುಟ್ಟದ್ದು ಮುಗಿದಮೇಲೆ ಹಸಿ ಬೀಜವನ್ನೂ ಕೊಟ್ಟ.

"ಮನೇಲೇ ಹುರ್ಕೊಳ್ರಿ. ಆದ್ರೆ ಉರಿ ಮತ್ತೆ ಬೀಜ, ಎರಡೂ ಹೊಂದಬೇಕು ನೋಡ್ರಿ. ನನಗಿನ್ನೂ ಸಿದ್ಧಿಸಿಲ್ಲ" ಎಂದು ತನ್ನ ಹಿಂದಿಯಲ್ಲಿ ವಿನಯದಿಂದ ಹೇಳಿದ. ಗುರುವಿನ ಈ ವಿನಯ ನೋಡಿ ಭಕ್ತಿ ಇಮ್ಮಡಿಸಿತು.

ಹೊಗೆಯ ದೂರು ಹೋಗಿ ಕೊನೆಗೆ ಪೊಲೀಸಿನವನೂ ಬಂದ. ಲಾಠಿ ಊರಿಕೊಂಡು ಬಾಣಲೆಯ ಸುತ್ತ ಒಂದು ಸುತ್ತು ಬಂದ. ಪಕ್ಕದ ಘಾಟಿನಲ್ಲಿ ಹಗಲಿರುಳು ಚಿತೆ ಉರಿಯುವಾಗ ಯಾರೂ ದೂರು ಕೊಡುವುದಿಲ್ಲ, ನಿನ್ನ ಬಾಣಲೆಗೆ ಕೊಟ್ಟಿದ್ದಾರೆಂದರೆ ಏನೋ ಇರಬೇಕು ಎಂದು ಗದರಿಸಿದ. ಬದರಿ ಅವನ ಕಿವಿಯಲ್ಲಿ ಏನೋ ಹೇಳಿದ. ಪೊಲೀಸಿನವನು ಟೋಪಿ ತೆಗೆದು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ಬಲಿಯಾ ಊರಲ್ಲಿರೋ ಅತ್ತೆಗೆ ಇಲ್ಲಿಂದಲೇ ತಗಲುತ್ತಾ?"

"ಎಲ್ಲಿದ್ದರೇನು ಸಾಬ್, ಕೊರಿಯರ್ ಮಾಡಿ" ಎಂದ ರುದ್ರಪ್ಪ, ಕಾಫಿಯ ಬಗ್ಗೆ.

ಹೀಗೆ ಸರಸ್ವತಮ್ಮ ರೈಲಿಳಿಯುವ ಹೊತ್ತಿಗೆ ಚೀಲದಲ್ಲಿ ಉಳಿದದ್ದು ಎರಡು ಹಿಡಿ ಬೀಜ. ಅವರು ಬಂದರು, ಡಬ್ಬಿಯೂ ಬಂತು. ಇಡೀ ಗಲ್ಲಿ ಬಾಗಿಲಲ್ಲಿ ನಿಂತು ಆ ಬಲಿಪಶುವನ್ನು ಕನಿಕರದಿಂದ ನೋಡಿತು. ಸರಸ್ವತಮ್ಮ ಎಲ್ಲರಿಗೂ ಕೈಮುಗಿದು ಸ್ನಾನಕ್ಕೆ ಹೋದರು.

"ಸ್ನಾನ ಮುಗಿಸಿ ಬರ್ತಾಳೆ. ಆಮೇಲೆ ಕಾಫಿ ಕೇಳ್ತಾಳೆ" ಎಂದಳು ನೀಲಾ. "ಡಬ್ಬಿ ಬಿಚ್ಚಲಾ?"

"ಬ್ಯಾಡ. ಇದೊಂದು ಸಲ ನೋಡೇಬಿಡ್ತೀನಿ."

"ಸಿಲಿಂಡರು ಮುಗೀತಾ ಬಂದಿದೆ ರೀ."

ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ರುದ್ರಪ್ಪನಿಗಿರಲಿಲ್ಲ. ತಾರಸಿಗೆ ಓಡಿ, ಬಾಣಲೆ ಕಾಯಿಸಿ, ಎರಡು ಹಿಡಿ ಬೀಜವನ್ನೂ ಸುರಿದ. ತಳ ತುಂಬಿತು, ಸೌಟು ಸಲೀಸಾಗಿ ತಿರುಗಿತು. ಉರಿ ಮೊದಲಿಗೆ ಜೋರಾಗಿಯೇ ಹೊತ್ತಿತು. ಬೀಜ ಹಳದಿಗೆ ತಿರುಗಿತು, ಹುರಿಗಡಲೆಯ ಬಣ್ಣಕ್ಕೆ ಬಂತು, ಘಮ ಬಂತು. ಚಟ್ ಎಂದಿತು. ಚಟಚಟ ಎಂದಿತು. ಸರಿಯಾಗಿ ಆ ಗಳಿಗೆಗೆ ಉರಿ ಇಳಿಯತೊಡಗಿತು. ರುದ್ರಪ್ಪ ಸಿಲಿಂಡರು ಅಲ್ಲಾಡಿಸಿದ, ಬೈದ, ಬೇಡಿಕೊಂಡ. ಉರಿ ಬೆರಳುದ್ದವಾಯಿತು, ಉಗುರುದ್ದವಾಯಿತು, ಬೀಜ ಹುಣಸೆಬೀಜದ ಬಣ್ಣಕ್ಕೆ ಬರುತ್ತಿದ್ದಂತೆ ಪುಸ್ ಎಂದು ಆರಿತು. ಎಲ್ಲ ಹಾಳಾಯಿತೆಂದು ಅವನು ಬೀಜವನ್ನು ಮೊರಕ್ಕೆ ಸುರಿದು, ಸಿಟ್ಟಿನಿಂದ ಹಿಂದಿ ಪೇಪರಿನಲ್ಲಿ ಬೀಸಿ ಬೀಸಿ ತಣ್ಣಗಾಗಿಸಿದ.

ಮಿಕ್ಸಿಯಲ್ಲಿ ಪುಡಿಯಾಯಿತು, ಫಿಲ್ಟರಿನಲ್ಲಿ ಇಳಿಯಿತು, ಲೋಟ ಸರಸ್ವತಮ್ಮನ ಮುಂದೆ ಬಂತು. ಅವರು ಮೂಸಿದರು. ಒಂದು ಗುಟುಕು ಕುಡಿದರು. ಕಿಟಕಿಯಾಚೆ ನೋಡಿದರು. ಇನ್ನೊಂದು ಗುಟುಕು ಕುಡಿದರು. ರುದ್ರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಬಾಗಿಲ ಹೊರಗೆ ಬದರಿ ನಿಂತಿದ್ದ. ಮೆಟ್ಟಿಲ ಮೇಲೆ ಆ ಇಬ್ಬರು ಷಡ್ಡಕರಿದ್ದರು.

ಸರಸ್ವತಮ್ಮ ಖಾಲಿ ಲೋಟವನ್ನು ಮುಂದಕ್ಕೆ ತಳ್ಳಿದರು.

"ಇನ್ನೊಂದು ಅರ್ಧ ಲೋಟ ಕೊಡಿ ಅಳಿಯಂದ್ರೇ."

ರುದ್ರಪ್ಪನ ಕಣ್ಣಲ್ಲಿ ನೀರು ಬಂತು. ಈ ಸಲ ಹೊಗೆಯಿಂದಲ್ಲ. ಬದರಿ ಕೆಳಗೆ ಓಡಿ ಗಲ್ಲಿಗೆಲ್ಲ ಕೇಳುವಂತೆ "ಹರ ಹರ ಮಹಾದೇವ್" ಎಂದು ಕೂಗಿದ.

ಸುಖ ರಾತ್ರಿಯ ಊಟದವರೆಗೆ ಉಳಿಯಿತು. ಆಮೇಲೆ ರುದ್ರಪ್ಪನಿಗೆ ಯೋಚನೆ ಹತ್ತಿತು. ಕಾಫಿ ಹೇಗೆ ಚೆನ್ನಾಯಿತೆಂದು ಅವನಿಗೇ ಗೊತ್ತಿಲ್ಲ. ಅತ್ತೆ ಮತ್ತೆ ಕೇಳುತ್ತಾರೆ. ಮತ್ತೆ ಇದ್ದಿಲಾಗುತ್ತದೆ. ಗಳಿಸಿದ ಮಾನ ಒಂದೇ ಬಾಣಲೆಯಲ್ಲಿ ಹೋಗುತ್ತದೆ. ಯೋಚಿಸಿ ಯೋಚಿಸಿ ಅವನೊಂದು ಉಪಾಯ ಕಂಡುಕೊಂಡ.

ಕಾಶಿಗೆ ಬಂದವರು ತಮಗೆ ಅತಿ ಪ್ರಿಯವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟುಹೋಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಜನ ಅತಿ ಪ್ರಿಯವಾದದ್ದೆಂದು ಸಾಮಾನ್ಯವಾಗಿ ಹಾಗಲಕಾಯಿ ಬಿಡುತ್ತಾರೆ. ಇಡೀ ಕರ್ನಾಟಕದ ಹಾಗಲಕಾಯಿ ಈಗಾಗಲೇ ಗಂಗಮ್ಮನ ಹತ್ತಿರ ಇದೆ. ಡ್ಯೂಟಿಯ ಮೇಲೆ ಬಂದವನಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ರುದ್ರಪ್ಪ ಇದುವರೆಗೆ ಏನನ್ನೂ ಬಿಟ್ಟಿರಲಿಲ್ಲ. ಈಗ ಬಿಡುವುದೆಂದು ನಿಶ್ಚಯಿಸಿದ. ಕಾಫಿ ಹುರಿಯುವುದನ್ನೇ ಬಿಟ್ಟರೆ ವ್ರತಕ್ಕೆ ವ್ರತ, ಮಾನಕ್ಕೆ ಮಾನ.

ಮಾರನೆಯ ಬೆಳಿಗ್ಗೆ ಶಂಭುಲಿಂಗಯ್ಯನವರು ಎಲ್ಲರನ್ನೂ ಹನುಮಾನ್ ಘಾಟಿನ ಮೆಟ್ಟಿಲಿಗಿಳಿಸಿದರು. ರುದ್ರಪ್ಪ ಅವಸರದಲ್ಲಿ ಮೊದಲು ನೀರಿಗಿಳಿದು, ಮೂಗು ಹಿಡಿದು, ಮನಸ್ಸಿನಲ್ಲಿ ಹೇಳಿಕೊಂಡ: ಗಂಗಮ್ಮ ತಾಯಿ, ಇನ್ನು ಮೇಲೆ ಕಾಫಿ ಹುರಿಯುವುದಿಲ್ಲ. ಮುಳುಗಿ ಎದ್ದ. ಎಂಥ ಹಗುರ ಎಂದರೆ ತಾನೇ ತೇಲಿಹೋಗುತ್ತೇನೇನೋ ಅನ್ನಿಸಿತು.

ಆಮೇಲೆ ಸರಸ್ವತಮ್ಮ ಇಳಿದರು. ಸೊಂಟದ ನೀರಿನಲ್ಲಿ ನಿಂತು, "ನೀಲಾ, ಆ ಡಬ್ಬಿ ಸ್ವಾಮಿಗಳಿಗೆ ಕೊಡು" ಎಂದರು.

"ಯಾಕಮ್ಮ?"

"ಅದನ್ನ ಬಿಟ್ಟೆ. ಇನ್ನು ಮೇಲೆ ಅಳಿಯಂದ್ರು ಹುರಿದಿದ್ದು ಬಿಟ್ಟು ಬೇರೆ ಕಾಫಿ ನನ್ನ ನಾಲಿಗೆಗೆ ಇಲ್ಲ. ಗಂಗಮ್ಮನ ಆಣೆ."

ಮೆಟ್ಟಿಲ ಮೇಲೆ ಒದ್ದೆಯಾಗಿ ನಿಂತಿದ್ದ ರುದ್ರಪ್ಪ ಹಿಂಡಿದ ಪಂಚೆಯನ್ನೇ ಮತ್ತೆ ಹಿಂಡಿದ. ಸರಸ್ವತಮ್ಮ ಅವನ ಕಡೆ ತಿರುಗಿದರು.

"ಆ ಕೆಳಗಿನ ಮನೆಯೋನು ನಿನ್ನೆ ಸಂಜೆ ನನ್ನ ಕಾಲಿಗೆ ಬಿದ್ದು ಎಲ್ಲಾ ಹೇಳ್ದ. ಅವನ ಹಿಂದಿ ನನಗೆ ಅರ್ಧ ತಿಳೀಲಿಲ್ಲ. ನೀವು ತಿಂಗಳಿಡೀ ತಾರಸಿ ಮೇಲೆ ಕೂತು ಹೊಗೆ ಕುಡಿದಿದ್ದು ನನಗೋಸ್ಕರ ಅನ್ನೋದು ತಿಳೀತು. ನಮ್ಮ ಯಜಮಾನ್ರು ಹೋದಮೇಲೆ ನನಗೆ ಅಂತ ಯಾರೂ ಒಂದು ಲೋಟ ಕಾಫಿಗೆ ಇಷ್ಟು ಕಷ್ಟಪಟ್ಟಿಲ್ಲ. ಅಂಗಡಿ ಪುಡಿ ಡಬ್ಬಿ ಹೊತ್ಕೊಂಡು ತಿರುಗಿದ್ದು ನನ್ನ ದಡ್ಡತನ. ಬೀಜ ನಾನು ಕಳಿಸ್ತೀನಿ, ನೀವು ಹುರಿದು ಕಳಿಸಿ."

ಅವರು ಮೂರು ಸಲ ಮುಳುಗಿದರು. ಅಷ್ಟರಲ್ಲಿ ರುದ್ರಪ್ಪ ಶಂಭುಲಿಂಗಯ್ಯನವರನ್ನು ಪಕ್ಕಕ್ಕೆಳೆದು ಎಲ್ಲವನ್ನೂ ಒಪ್ಪಿಸಿದ.

"ಬಿಟ್ಟದ್ದನ್ನ ವಾಪಸ್ ತಗೊಳ್ಳಾಕೆ ಬರ್ತೈತೇನ್ರಿ ಅಜ್ಜಾರೆ?"

"ವಾಪಸ್ ಕೊಡೋ ತಾಯಿ ಅಲ್ಲಪ್ಪ ಇವಳು. ಬದಲಿ ಕೊಟ್ರೆ ನೋಡಬಹುದು. ಅದಕ್ಕಿಂತ ಪ್ರಿಯವಾದ್ದು ಕೊಡಬೇಕು. ಹಾಗಲಕಾಯಿ ಅಂದೀಯ, ಮತ್ತೆ."

ರುದ್ರಪ್ಪ ಹಾಗಲಕಾಯಿಯನ್ನೇ ಯೋಚಿಸುತ್ತಿದ್ದ. ಅತ್ತೆಯನ್ನು ನೋಡಿದ. ಡಬ್ಬಿಯಿಲ್ಲದ ಅವರ ಕೈ ಬರಿದಾಗಿ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಮಡಚಿಟ್ಟಿದ್ದ ತನ್ನ ಅಂಗಿಯನ್ನು ನೋಡಿದ. ಅದರ ಜೇಬು ಉಬ್ಬಿತ್ತು. ಬಹಳ ಹೊತ್ತು ಆ ಜೇಬನ್ನೇ ನೋಡಿದ. ಆಮೇಲೆ ಜೇಬಿನಲ್ಲಿದ್ದ ಮಂಡಕ್ಕಿಯನ್ನೆಲ್ಲ ಘಾಟಿನ ಪಾರಿವಾಳಗಳಿಗೆ ಚೆಲ್ಲಿ, ಮತ್ತೆ ನೀರಿಗಿಳಿದು ಮುಳುಗಿದ. ಈ ಸಲ ಮೇಲೇಳಲು ಸ್ವಲ್ಪ ತಡವಾಯಿತು.

ಸೋನಾರ್‌ಪುರದಲ್ಲಿ ಹೊಸ ಸಿಲಿಂಡರಿಗೆ ಹೇಳಿ ಬರಲು ಮೂವರೂ ಘಾಟಿನಿಂದ ನೇರ ಆ ಕಡೆಗೇ ನಡೆದರು. ದಾರಿಯಲ್ಲಿ ರುದ್ರಪ್ಪ ಹೆಂಡತಿಯ ಕಿವಿಯಲ್ಲಿ, ಕಾಫಿ ಚೆನ್ನಾದದ್ದು ಸಿಲಿಂಡರು ಮುಗಿದದ್ದರಿಂದಲೇ ಇರಬೇಕು, ಪ್ರತಿ ಸಲ ಹುರಿಯುವಾಗಲೂ ಮುಗಿಯುವ ಸಿಲಿಂಡರು ಎಲ್ಲಿಂದ ತರುವುದು ಎಂದು ತನ್ನ ಸಂಕಟ ಹೇಳಿಕೊಂಡ.

"ಸಿಲಿಂಡರು ಯಾಕೆ ಮುಗೀಬೇಕು ರೀ? ಎರಡು ಹಿಡಿ ಹಾಕಿ. ಮೊದಲು ಜೋರು ಇಡಿ, ಚಟಚಟ ಅಂದಕೂಡಲೆ ಇಳಿಸ್ತಾ ಬನ್ನಿ. ಒಲೆಗೆ ತಿರುಪು ಅಂತ ಒಂದಿರುತ್ತೆ."

"ಎರಡನ್ನೂ ಒಟ್ಟಿಗೇನಾ?" ಎಂದ ರುದ್ರಪ್ಪ. ಪ್ರೊಫೆಸರ್ ವೇದವ್ಯಾಸರಿಗೆ ಇದನ್ನು ಹೇಗೆ ತಿಳಿಸುವುದೆಂದು ಅವನಿಗೆ ಚಿಂತೆಯಾಯಿತು.

ಸಂದಿಯ ತಿರುವಿನಲ್ಲಿ ಲಾಯಿ ಅಂಗಡಿಯವನು ಆಗತಾನೇ ಮರಳಿನಿಂದ ಜರಡಿ ಎತ್ತುತ್ತಿದ್ದ. ಬಿಸಿ ಮಂಡಕ್ಕಿಯ ವಾಸನೆ ರಸ್ತೆಗೆಲ್ಲ ಹರಡಿತ್ತು. ರುದ್ರಪ್ಪ ಮುಖ ತಿರುಗಿಸಿ ಹೆಜ್ಜೆ ಜೋರು ಮಾಡಿದ. ಹಿಂದಿನಿಂದ ಅತ್ತೆ ಕರೆದರು.

ಸರಸ್ವತಮ್ಮ ಅಂಗಡಿಯ ಮುಂದೆ ನಿಂತಿದ್ದರು. ಅವರ ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಜನ್ಮದಲ್ಲಿ ಮೊದಲ ಸಲ ಅವರು ಮಂಡಕ್ಕಿ ಕೊಂಡಿದ್ದರು. ಬೊಗಸೆ ತುಂಬ ಎತ್ತಿ ಅಳಿಯನ ಮುಂದೆ ಹಿಡಿದರು.

"ತಗೊಳ್ಳಿ ಅಳಿಯಂದ್ರೇ. ನಿಮಗೆ ಪ್ರಾಣ ಅಂತ ನನಗೆ ಗೊತ್ತು. ಇಷ್ಟು ವರ್ಷ ಆಡ್ಕೊಂಡೆ, ಮನಸ್ಸಲ್ಲಿ ಇಟ್ಕೋಬೇಡಿ. ಇವತ್ತು ನನ್ನ ಕೈಯಿಂದ ತಿನ್ನಿ."

ರುದ್ರಪ್ಪ ಬೊಗಸೆಯನ್ನು ನೋಡಿದ, ಅತ್ತೆಯ ಮುಖವನ್ನು ನೋಡಿದ, ದೂರದಲ್ಲಿ ಮನೆಗಳ ಸಂದಿಯಿಂದ ಕಾಣುತ್ತಿದ್ದ ಗಂಗೆಯನ್ನು ನೋಡಿದ.

"ನೀವು ತಿನ್ರಿ ಅತ್ತೇರೆ" ಎಂದ. "ನನಗೆ ಕಾಫಿ ಹೊತ್ತಾತು."

ಸರಸ್ವತಮ್ಮ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಪರವಾಗಿಲ್ಲ ಕಣೇ ನೀಲಾ, ಚೆನ್ನಾಗೇ ಇದೆ ಎನ್ನುತ್ತಾ, ಮನೆಯವರೆಗೂ ಅವನ ಪಕ್ಕದಲ್ಲೇ ಗರಿಗರಿ ಅಗಿಯುತ್ತಾ ನಡೆದರು.